ನೀಲಿ ಪ್ಯಾಕೆಟ್ಟು ನೀರು ಹಾಲೇ?

ಬೆಂಗಳೂರಿನ ಪೀಣ್ಯದಿಂದಾಚೆಯ ಒಂದು ಬಡಾವಣೆ. ಬೆಳಗಿನ ಆರು ಗಂಟೆಗೇ ಹಾಲಿನ ಬೂತಿನ ಮುಂದೆ ಏಳೆಂಟು ಜನ. ಅವರಲ್ಲೊಬ್ಬಾಕೆ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಹೊಲಿಗೆ ಮಾಡುವವಳು. ಅಡುಗೆ ಮುಗಿಸಿ, ಮಕ್ಕಳ ಡಬ್ಬಿ ಕಟ್ಟಿ, ಎಂಟು ಗಂಟೆಯೊಳಗೆ ಬಸ್ಸು ಹತ್ತಬೇಕು. ಎಂದಿನಂತೆ ಅರ್ಧ ಲೀಟರಿನ ಎರಡು ನೀಲಿ ಪ್ಯಾಕೆಟ್ಟು ಕೇಳಿದಳು. ಪಕ್ಕದಲ್ಲಿದ್ದ ನೆರೆಮನೆಯಾಕೆ ತನ್ನ ಚೀಲದಲ್ಲಿದ್ದ ಕಿತ್ತಳೆ ಬಣ್ಣದ ಪ್ಯಾಕೆಟ್ಟುಗಳನ್ನು ಸರಿಮಾಡಿಕೊಳ್ಳುತ್ತ, "ಬೆಳೆಯೋ ಮಕ್ಕಳಿರೋ ಮನೇಲಿ ಆ ನೀರು ಹಾಲು ಯಾಕ್ರೀ ತಗೋತೀರಾ? ನಿಮ್ಮ ಹುಡುಗ ನೋಡಿ, ಎಷ್ಟು ಸಣ್ಣಗಿದ್ದಾನೆ" ಎಂದಳು. ಕೆಟ್ಟ ಮನಸ್ಸಿನಿಂದ ಆಡಿದ ಮಾತಲ್ಲ. ಆದರೆ ನಾಟುವ ಕಡೆಗೇ ನಾಟಿತು.

ಆ ದಿನ ಯಂತ್ರದ ಮುಂದೆ ಕೂತಾಗಲೂ ಅದೇ ಯೋಚನೆ. ಮಗ ಎಸ್ಸೆಸ್ಸೆಲ್ಸಿ, ಮಗಳು ಎರಡನೇ ಪಿಯುಸಿ ವಿಜ್ಞಾನ. ಇಬ್ಬರೂ ರಾತ್ರಿ ಹನ್ನೊಂದರವರೆಗೆ ಓದುವವರು. ತಾಯಿಯಾದವಳು ಲೀಟರಿಗೆ ನಾಲ್ಕಾರು ರೂಪಾಯಿ ಉಳಿಸಲು ಹೋಗಿ ಮಕ್ಕಳ ಹೊಟ್ಟೆಗೆ ಮೋಸ ಮಾಡುತ್ತಿದ್ದಾಳೆಯೇ? ಸಂಜೆ ಮನೆಗೆ ಬಂದವಳೇ ಲೆಕ್ಕದ ಪುಸ್ತಕ ತೆಗೆದಳು. ಕಿತ್ತಳೆ ಪ್ಯಾಕೆಟ್ಟಿಗೆ ಬದಲಾಯಿಸಿದರೆ ತಿಂಗಳಿಗೆ ಇನ್ನಷ್ಟು ಹಣ ಬೇಕು. ಬಾಡಿಗೆ, ಟ್ಯೂಷನ್ ಫೀಸು, ಬಸ್ ಪಾಸು, ಯಾವುದನ್ನೂ ಮುಟ್ಟುವಂತಿಲ್ಲ. ಕೊನೆಗೆ ಕೈಗೆ ಸಿಕ್ಕಿದ್ದು ಮಕ್ಕಳಿಗೆ ವಾರಕ್ಕೆ ಮೂರು ದಿನ ಬೇಯಿಸಿ ಕೊಡುತ್ತಿದ್ದ ಮೊಟ್ಟೆ. ಹಾಲು ಮೊದಲು, ಮೊಟ್ಟೆ ಆಮೇಲೆ ಎಂದುಕೊಂಡು ಗೆರೆ ಎಳೆದಳು.

ಇಂಥ ಗೆರೆಗಳು ಎಷ್ಟೋ ಮನೆಗಳ ಲೆಕ್ಕದ ಪುಸ್ತಕದಲ್ಲಿ ಬೀಳುತ್ತಿರುತ್ತವೆ. ಅಂಗಡಿಯ ತಂಪು ಪೆಟ್ಟಿಗೆಯಲ್ಲಿ ಐದಾರು ಬಣ್ಣದ ಹಾಲು ಇರುತ್ತದೆ. ಯಾವುದರಲ್ಲಿ ಏನಿದೆ ಎಂದು ಕೇಳುವವರು ಕಡಿಮೆ. ದುಬಾರಿಯದು ಒಳ್ಳೆಯದು, ಅಗ್ಗದ್ದು ನೀರು ಎಂಬ ಒಂದೇ ಅಳತೆಗೋಲು. ಆ ಮನೆಯಲ್ಲಿ ಪ್ಯಾಕೆಟ್ಟನ್ನು ತಿರುಗಿಸಿ ಓದಿದವಳು ಮಗಳು. ಮರುದಿನ ಬೂತಿನಿಂದ ಎರಡೂ ಬಣ್ಣದ್ದು ಒಂದೊಂದು ತಂದು, ತೊಳೆದು ಒರೆಸಿ, ದೀಪದ ಕೆಳಗೆ ಹಿಡಿದು ಸಣ್ಣಕ್ಷರಗಳನ್ನು ಬಿಡಿಸಿ ಓದಿದಳು. ನೀಲಿಯದರ ಮೇಲೆ ಜಿಡ್ಡು 3.0, ಎಸ್‌ಎನ್‌ಎಫ್ 8.5. ಕಿತ್ತಳೆಯದರ ಮೇಲೆ ಜಿಡ್ಡು 4.5, ಎಸ್‌ಎನ್‌ಎಫ್ 8.5.

"ಅಮ್ಮಾ, ಎರಡನೇ ಸಂಖ್ಯೆ ಎರಡರಲ್ಲೂ ಒಂದೇ ಇದೆಯಲ್ಲ" ಎಂದಳು. ಅಮ್ಮನಿಗೆ ಅದರಿಂದೇನೂ ತಿಳಿಯಲಿಲ್ಲ.

ತಿಳಿಯಬೇಕಾದ್ದು ಆ ಎರಡನೇ ಸಂಖ್ಯೆಯೇ. ಹಸುವಿನ ಹಾಲಿನಲ್ಲಿ ನೂರಕ್ಕೆ ಸುಮಾರು 87 ಭಾಗ ನೀರು. ಗೌಳಿ ಬೆರೆಸಿದ್ದಲ್ಲ, ಹಸುವೇ ಇಟ್ಟದ್ದು! ಉಳಿದ 13 ಭಾಗದಲ್ಲಿ ಜಿಡ್ಡು ಮೂರೂವರೆ, ನಾಲ್ಕು. ಮಿಕ್ಕದ್ದು ಪ್ರೋಟೀನು, ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್, ಕ್ಯಾಲ್ಸಿಯಂ ಮೊದಲಾದ ಲವಣಗಳು. ಜಿಡ್ಡನ್ನು ಬಿಟ್ಟು ಉಳಿದ ಈ ಘನ ಪದಾರ್ಥವನ್ನೇ ಡೇರಿಯವರು ಎಸ್‌ಎನ್‌ಎಫ್ ಎನ್ನುವುದು. ಮಕ್ಕಳ ಮೂಳೆ, ಹಲ್ಲು, ಸ್ನಾಯುಗಳಿಗೆ ಹಾಲು ಬೇಕು ಎಂದು ಹಿರಿಯರು ಹೇಳುವಾಗ ಅವರ ಮನಸ್ಸಿನಲ್ಲಿರುವ ಸತ್ವದ ಬಹುಪಾಲು ಇರುವುದು ಇದರಲ್ಲೇ. ಜಿಡ್ಡಿನಿಂದ ಬರುವುದು ಮುಖ್ಯವಾಗಿ ಶಕ್ತಿ, ರುಚಿ ಮತ್ತು ಕೆನೆ.

ಈ ಸಂಖ್ಯೆಗಳನ್ನು ಡೇರಿಗಳು ತಮಗೆ ತೋಚಿದಂತೆ ಇಟ್ಟುಕೊಂಡವಲ್ಲ. ಮೊದಲು 1954ರ ಆಹಾರ ಕಲಬೆರಕೆ ತಡೆ ಕಾಯಿದೆ ಇತ್ತು. ಅದರ ಜಾಗಕ್ಕೆ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆ ಬಂತು, ಅದರಡಿ 2011ರಲ್ಲಿ ನಿಯಮಗಳು ಬಂದವು. ಅವುಗಳ ಪ್ರಕಾರ ಟೋನ್ಡ್ ಹಾಲಿನಲ್ಲಿ ಕನಿಷ್ಠ 3.0 ಜಿಡ್ಡು, 8.5 ಎಸ್‌ಎನ್‌ಎಫ್ ಇರಬೇಕು. ಸ್ಟ್ಯಾಂಡರ್ಡೈಸ್ಡ್ ಹಾಲಿನಲ್ಲಿ 4.5 ಮತ್ತು 8.5. ಫುಲ್ ಕ್ರೀಮ್ ಅಂದರೆ ಪೂರ್ತಿ ಕೆನೆಯ ಹಾಲಿನಲ್ಲಿ 6.0 ಮತ್ತು 9.0. ಡಬಲ್ ಟೋನ್ಡ್‌ನಲ್ಲಿ ಜಿಡ್ಡು 1.5ಕ್ಕೆ ಇಳಿಯುತ್ತದೆ, ಆದರೆ ಎಸ್‌ಎನ್‌ಎಫ್ 9.0 ಇರಲೇಬೇಕು. ಕೆನೆ ತೆಗೆದ ಸ್ಕಿಮ್ಡ್ ಹಾಲಿನಲ್ಲಿ ಜಿಡ್ಡು 0.5ನ್ನು ಮೀರಬಾರದು. ಹೀಗೆ ಸಾಲಾಗಿ ಇಟ್ಟು ನೋಡಿದರೆ ಒಂದು ವಿಷಯ ಕಣ್ಣಿಗೆ ಹೊಡೆಯುತ್ತದೆ. ಜಿಡ್ಡು ಅರ್ಧದಿಂದ ಆರರವರೆಗೆ ಏರಿಳಿಯುತ್ತದೆ, ಎರಡನೆಯ ಸಂಖ್ಯೆ ಮಾತ್ರ ಎಂಟೂವರೆ, ಒಂಬತ್ತರ ಸುತ್ತಲೇ ನಿಂತಿದೆ.

ಬಣ್ಣಕ್ಕೆ ಮಾತ್ರ ಇಂಥ ನಿಯಮವಿಲ್ಲ. ಕರ್ನಾಟಕದ ನಂದಿನಿಯಲ್ಲಿ ನೀಲಿ ಪ್ಯಾಕೆಟ್ಟು ಟೋನ್ಡ್ ಹಾಲು, ಹಸಿರು ಪ್ಯಾಕೆಟ್ಟು ಹೋಮೋಜಿನೈಸ್ ಮಾಡಿದ ಹಸುವಿನ ಹಾಲು, ಕಿತ್ತಳೆಯದು ಶುಭಂ ಎಂಬ ಸ್ಟ್ಯಾಂಡರ್ಡೈಸ್ಡ್ ಹಾಲು. ಅತ್ತಿಬೆಲೆ ದಾಟಿ ಹೊಸೂರಿಗೆ ಹೋಗಿ ತಮಿಳುನಾಡಿನ ಆವಿನ್ ಹಾಲು ಕೊಂಡರೆ ಹಸಿರಿನಲ್ಲಿ ಸಿಗುವುದು ಸ್ಟ್ಯಾಂಡರ್ಡೈಸ್ಡ್, ಕಿತ್ತಳೆಯಲ್ಲಿ ಸಿಗುವುದು ಫುಲ್ ಕ್ರೀಮ್. ಆದ್ದರಿಂದ ಬಣ್ಣ ನಂಬುವುದಕ್ಕಿಂತ ಅಕ್ಷರ ನಂಬುವುದು ಮೇಲು. ಓದುವಾಗ ಅಳತೆಯನ್ನೂ ನೋಡಬೇಕು. 2024ರ ಜೂನಿನಲ್ಲಿ ನಂದಿನಿಯ ಪ್ಯಾಕೆಟ್ಟಿಗೆ 50 ಮಿಲಿಲೀಟರ್ ಸೇರಿಸಿ ದರವನ್ನು 2 ರೂಪಾಯಿ ಏರಿಸಿದ್ದರು. 2025ರ ಏಪ್ರಿಲಿನಲ್ಲಿ ಲೀಟರಿಗೆ 4 ರೂಪಾಯಿ ಏರಿಸಿ, ಹಾಲನ್ನು ಮತ್ತೆ ಹಳೆಯ ಅಳತೆಗೆ ತಂದರು. ಗಮನಿಸಿದವರು ಎಷ್ಟು ಜನವೋ!

ಇನ್ನು ಟೋನ್ಡ್ ಎಂದರೇನು? ಈ ಪದದ ಹಿಂದೆ ಒಂದು ಕಥೆಯಿದೆ. 1940ರ ದಶಕದ ಮುಂಬಯಿಯಲ್ಲಿ ಹಾಲಿಗೆ ಬರ. ಸಿಗುತ್ತಿದ್ದುದು ಎಮ್ಮೆಯ ಗಟ್ಟಿ ಹಾಲು, ಅದೂ ದುಬಾರಿ. ಕೂಲಿಕಾರರ ಮಕ್ಕಳಿಗೆ ಎಟುಕುತ್ತಿರಲಿಲ್ಲ. ಆಗ ಆರೆ ಹಾಲಿನ ಯೋಜನೆಯನ್ನು ನಡೆಸುತ್ತಿದ್ದ ದಾರಾ ಖುರೋಡಿ ಒಂದು ಉಪಾಯ ಹೂಡಿದರು. ಎಮ್ಮೆ ಹಾಲಿಗೆ ಕೆನೆ ತೆಗೆದ ಹಾಲಿನ ಪುಡಿಯನ್ನೂ ನೀರನ್ನೂ ಲೆಕ್ಕ ಹಾಕಿ ಬೆರೆಸಿದರು. ಜಿಡ್ಡು ತಗ್ಗಿತು, ಪ್ರೋಟೀನು ಕ್ಯಾಲ್ಸಿಯಂಗಳು ತಗ್ಗಲಿಲ್ಲ. ಅಷ್ಟೇ ಹಾಲು ಎರಡರಷ್ಟು ಮನೆಗಳಿಗೆ ಹಂಚಿಹೋಯಿತು, ಬೆಲೆಯೂ ಇಳಿಯಿತು. ಮುಂದೆ 1963ರಲ್ಲಿ ಖುರೋಡಿಯವರಿಗೆ ವರ್ಗೀಸ್ ಕುರಿಯನ್, ತ್ರಿಭುವನದಾಸ್ ಪಟೇಲರ ಜೊತೆಯಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಇಂದು ಹಾಲಿನ ವಿಷಯ ಬಂದರೆ ಕುರಿಯನ್ನರ ಹೆಸರು ಎಲ್ಲರ ಬಾಯಲ್ಲಿದೆ. ಖುರೋಡಿಯವರ ಹೆಸರು ಯಾರಿಗೂ ನೆನಪಿಲ್ಲ, ಅವರು ಹುಟ್ಟುಹಾಕಿದ ಹಾಲು ಮಾತ್ರ ದಿನಾ ಬೆಳಗ್ಗೆ ಬಾಗಿಲಿಗೆ ಬಂದು ಬೀಳುತ್ತದೆ.

ನೀರು ಬೆರೆಸುವುದಕ್ಕೂ ಟೋನ್ ಮಾಡುವುದಕ್ಕೂ ಇರುವ ವ್ಯತ್ಯಾಸವನ್ನು ಹೈಸ್ಕೂಲಿನ ಹುಡುಗರು ಕಾಗದದ ಮೇಲೆ ಮಾಡಿ ನೋಡಬಹುದು. ಆರು ಜಿಡ್ಡು, ಒಂಬತ್ತು ಎಸ್‌ಎನ್‌ಎಫ್ ಇರುವ ಒಂದು ಕಿಲೋ ಹಾಲಿಗೆ ಒಂದು ಕಿಲೋ ನೀರು ಹಾಕಿದರೆ ಜಿಡ್ಡು ಮೂರಕ್ಕೆ ಇಳಿಯುತ್ತದೆ, ಎಸ್‌ಎನ್‌ಎಫ್ ಕೂಡ ನಾಲ್ಕೂವರೆಗೆ ಇಳಿಯುತ್ತದೆ. ಇದು ನೀರು ಹಾಲು. ನೀರಿನ ಬದಲು ಒಂದು ಕಿಲೋ ಕೆನೆ ತೆಗೆದ ಹಾಲು ಹಾಕಿದರೆ? ಜಿಡ್ಡು ಮೂರೇ ಆಗುತ್ತದೆ, ಎಸ್‌ಎನ್‌ಎಫ್ ಒಂಬತ್ತರ ಹತ್ತಿರವೇ ಉಳಿಯುತ್ತದೆ. ಇದು ಟೋನ್ಡ್ ಹಾಲು. ತೋರಿಕೆಗೆ ಎರಡೂ ಬೆಳ್ಳಗೆ, ಎರಡೂ ತೆಳ್ಳಗೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ಗೊತ್ತಿದ್ದದ್ದೇ. ತೆಳ್ಳಗಿರುವುದೆಲ್ಲ ನೀರಲ್ಲ ಎಂಬುದನ್ನೂ ಅದರ ಪಕ್ಕಕ್ಕೆ ಇಟ್ಟುಕೊಳ್ಳಬಹುದು.

ಮಗಳು ಇಷ್ಟನ್ನೂ ವಿವರಿಸಿದಳು. ತಾಯಿಗೆ ಅರ್ಧ ಒಪ್ಪಿಗೆ, ಅರ್ಧ ಅನುಮಾನ. ಪುಸ್ತಕದ ಲೆಕ್ಕ ಬೇರೆ, ಹಟ್ಟಿಯಲ್ಲಿ ಕರೆದ ಹಾಲು ಬೇರೆ ಎಂಬುದು ಅವಳ ವಾದ. "ನಾವು ಊರಲ್ಲಿ ಕುಡಿದು ಬೆಳೆದಿದ್ದು ಕೆನೆ ಕಟ್ಟೋ ಗಟ್ಟಿ ಹಾಲು. ಈ ಪ್ಯಾಕೆಟ್ಟಿನ ಥರ ಅಲ್ಲ" ಎಂದಳು. ದಸರೆ ರಜೆಗೆ ಮಕ್ಕಳೊಂದಿಗೆ ಮದ್ದೂರಿನ ಕಡೆಯ ತವರಿಗೆ ಹೋದಾಗ ಆ ವಾದವೂ ಒರೆಗೆ ಬಿತ್ತು.

ಅಲ್ಲಿ ಅಜ್ಜಿಯದು ಒಂದು ಸೀಮೆ ಹಸು. ಬೆಳಗ್ಗೆ, ಸಂಜೆ ಎರಡು ಹೊತ್ತೂ ಕ್ಯಾನು ಹಿಡಿದು ಊರಿನ ಹಾಲು ಉತ್ಪಾದಕರ ಸಂಘಕ್ಕೆ, ಊರವರ ಬಾಯಲ್ಲಿ 'ಡೇರಿ'ಗೆ, ಹಾಲು ಹಾಕಿ ಬರುತ್ತಾಳೆ. ಮೊಮ್ಮಗಳೂ ಜೊತೆಗೆ ಹೋದಳು. ಸಂಘದ ಕಾರ್ಯದರ್ಶಿ ಒಂದಿಷ್ಟು ಹಾಲನ್ನು ಯಂತ್ರಕ್ಕೆ ಇಟ್ಟರು. ಕ್ಷಣದಲ್ಲಿ ಫ್ಯಾಟು, ಎಸ್‌ಎನ್‌ಎಫ್, ದರ ಎಲ್ಲ ಅಚ್ಚಾದ ಚೀಟಿ ಹೊರಬಂತು. ಪ್ಯಾಕೆಟ್ಟಿನ ಮೇಲೆ ಓದಿದ್ದ ಅದೇ ಎರಡು ಸಂಖ್ಯೆಗಳು! ಪಟ್ಟಣದವರು ನೋಡದೆ ಎಸೆಯುವ ಆ ಅಂಕಿಗಳೇ ಹಳ್ಳಿಯ ಈ ಮುದುಕಿಗೆ ದಿನದ ಕೂಲಿ.

ಹಿಂದೆ ಇದೇ ಪರೀಕ್ಷೆಗೆ ಲ್ಯಾಕ್ಟೋಮೀಟರು, ಗಾಜಿನ ಕೊಳವೆ, ಗಂಧಕಾಮ್ಲ ಬೇಕಿತ್ತು. ಲ್ಯಾಕ್ಟೋಮೀಟರನ್ನು ಮಾತ್ರ ನಂಬಿದರೆ ಮೋಸ ಹೋಗುವುದು ಸುಲಭ. ಹಾಲಿಗೆ ನೀರು ಬಿದ್ದರೆ ಅದು ಕೆಳಗೆ ಮುಳುಗುತ್ತದೆ. ಹಗುರವಾದ ಕೆನೆಯನ್ನು ತೆಗೆದರೆ ಮೇಲೇಳುತ್ತದೆ. ಕೆನೆಯನ್ನೂ ತೆಗೆದು ನೀರನ್ನೂ ಹಾಕಿದರೆ ಕಡ್ಡಿ ನೆಟ್ಟಗೆ ನಿಂತು ಸತ್ಯ ಹರಿಶ್ಚಂದ್ರನಂತೆ ಕಾಣುತ್ತದೆ. ಅದಕ್ಕೇ ಜಿಡ್ಡನ್ನು ಬೇರೆಯಾಗಿ ಅಳೆಯಬೇಕಾಯಿತು. ಅಮೆರಿಕದ ವಿಸ್ಕಾನ್ಸಿನ್ನಿನಲ್ಲಿ ಸ್ಟೀಫನ್ ಬ್ಯಾಬ್‌ಕಾಕ್ 1890ರಲ್ಲಿ, ಸ್ವಿಟ್ಜರ್ಲೆಂಡಿನಲ್ಲಿ ನಿಕ್ಲಾಸ್ ಗರ್ಬರ್ ಅದರ ಮರುವರ್ಷವೇ ಇದಕ್ಕೆ ಸುಲಭದ ವಿಧಾನ ಕಂಡುಹಿಡಿದರು. ಆಮ್ಲ ಹಾಕಿ ಮಿಕ್ಕದ್ದನ್ನು ಕರಗಿಸಿ, ಗರಗರ ತಿರುಗಿಸಿ, ಮೇಲೆ ತೇಲಿದ ಜಿಡ್ಡನ್ನು ಗೆರೆಯ ಮೇಲೆ ಓದುವುದು. ಭಾರತದ ಡೇರಿಗಳಲ್ಲಿ ಬಳಕೆಗೆ ಬಂದದ್ದು ಗರ್ಬರನ ವಿಧಾನ. ಬ್ಯಾಬ್‌ಕಾಕ್ ತನ್ನ ಪರೀಕ್ಷೆಗೆ ಪೇಟೆಂಟನ್ನೂ ಪಡೆಯಲಿಲ್ಲ. ನೀರು ಹಾಕದೆ ಹಾಲು ತರುವವನಿಗೂ, ಹಾಕಿ ತರುವವನಿಗೂ ಒಂದೇ ಬೆಲೆ ಸಿಗುತ್ತಿದ್ದ ಕಾಲ ಮುಗಿದದ್ದು ಈ ಪರೀಕ್ಷೆಗಳಿಂದ.

ಚೀಟಿ ನೋಡಿದ ಹುಡುಗಿ "ಅಜ್ಜಿ, ನಮ್ಮ ಹಸುವಿನ ಹಾಲಿಗೆ ಫ್ಯಾಟು ಎಷ್ಟು ಬರುತ್ತೆ?" ಎಂದು ಕೇಳಿದಳು.

"ಮೂರು ಮುಕ್ಕಾಲು ಬತ್ತದೆ ಕಣವ್ವ. ಹಸಿ ಮೇವು ಜಾಸ್ತಿ ಆದ್ರೆ ಮೂರೂವರೆಗೆ ಇಳೀತದೆ. ಒಣಹುಲ್ಲು ಹಾಕಿದ್ರೆ ವಸಿ ಏರ್ತದೆ. ಕರೆಯೋವಾಗ ಮೊದ್ಲ ಹಾಲು ನೀರು, ಕೊನೇ ಹಾಲು ಬೆಣ್ಣೆ" ಎಂದಳು ಅಜ್ಜಿ. ಪಶುವೈದ್ಯರ ಪಠ್ಯದಲ್ಲಿರುವುದೂ ಇಷ್ಟೇ. ಕರೆಯುವಾಗ ಮೊದಲು ಬರುವ ಹಾಲಿನಲ್ಲಿ ಜಿಡ್ಡು ಕಡಿಮೆ, ಕೊನೆಯದರಲ್ಲಿ ಹೆಚ್ಚು. ನಾರಿನ ಮೇವು ಜಿಡ್ಡನ್ನು ಹೆಚ್ಚಿಸುತ್ತದೆ.

ಮೂರು ಮುಕ್ಕಾಲು! ಹಟ್ಟಿಯಲ್ಲೇ ಕರೆದ, ಯಾರೂ ಮುಟ್ಟದ ಹಾಲಿನ ಜಿಡ್ಡು ಮೂರು ಮುಕ್ಕಾಲು ಎಂದಾದರೆ ನಾಲ್ಕೂವರೆಯ ಹಾಲು ಆ ಹಸುವಿನ ಕೆಚ್ಚಲಿನಿಂದ ನೇರವಾಗಿ ಬಂದದ್ದಂತೂ ಅಲ್ಲ. ಅದಕ್ಕೆ ಕೆನೆ ಸೇರಿಸಿರಬೇಕು, ಇಲ್ಲವೇ ಎಮ್ಮೆಯ ಹಾಲು ಕೂಡಿರಬೇಕು. ಅದರಲ್ಲೇನೂ ತಪ್ಪಿಲ್ಲ, ನಿಯಮವೇ ಒಪ್ಪುತ್ತದೆ. ಸ್ಟ್ಯಾಂಡರ್ಡೈಸ್ಡ್ ಎಂದರೂ ಅದೇ ಅರ್ಥ, ಅಳತೆಗೆ ತಂದ ಹಾಲು. ತಾಯಿ ಕುಡಿದು ಬೆಳೆದ 'ಗಟ್ಟಿ ಹಾಲು' ನೀಲಿಗೂ ಕಿತ್ತಳೆಗೂ ಸರಿಯಾಗಿ ನಡುವಿನದು ಎಂದು ಅಜ್ಜಿಯ ಚೀಟಿ ಹೇಳುತ್ತಿತ್ತು. ಆ ಕೆನೆ ಬಂದದ್ದು ಸೌದೆ ಒಲೆಯ ಮೇಲೆ ಗಂಟೆಗಟ್ಟಲೆ ಸಣ್ಣ ಉರಿಯಲ್ಲಿ ಕಾದದ್ದರಿಂದ.

ಅಂದು ರಾತ್ರಿ ಜಗಲಿಯ ಮೇಲೆ ಕೂತು ಹುಡುಗಿ ಲೆಕ್ಕ ಮುಂದುವರಿಸಿದಳು. ನೀಲಿಗೂ ಕಿತ್ತಳೆಗೂ ಲೀಟರಿಗೆ ವ್ಯತ್ಯಾಸ ಸುಮಾರು 15 ಗ್ರಾಂ ಜಿಡ್ಡು. ಮನೆಯಲ್ಲಿ ನಾಲ್ಕು ಜನ. ತಲೆಗೆ ನಾಲ್ಕು ಗ್ರಾಮಿಗೂ ಕಡಿಮೆ. ಅಂದರೆ ಅನ್ನದ ಮೇಲೆ ಹಾಕುವ ಒಂದು ಸಣ್ಣ ಚಮಚ ತುಪ್ಪದಷ್ಟೂ ಇಲ್ಲ. ಪ್ರೋಟೀನು, ಕ್ಯಾಲ್ಸಿಯಂಗಳಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ಎರಡರಲ್ಲೂ ಒಂದು ಲೋಟಕ್ಕೆ ಆರು ಗ್ರಾಮಿನಷ್ಟು ಪ್ರೋಟೀನು, ಸುಮಾರು 240 ಮಿಲಿಗ್ರಾಂ ಕ್ಯಾಲ್ಸಿಯಂ. ಇತ್ತ ಬಿಟ್ಟುಬಿಟ್ಟ ಮೊಟ್ಟೆಯಲ್ಲಿ ಒಂದೊಂದಕ್ಕೂ ಆರು ಗ್ರಾಂ ಪ್ರೋಟೀನು. ವಾರಕ್ಕೆ ಮೂರು ಮೊಟ್ಟೆ ನಿಲ್ಲಿಸಿದರೆ ಹದಿನೆಂಟು ಗ್ರಾಂ ಹೋಯಿತು. ಚಮಚದಷ್ಟೂ ಇಲ್ಲದ ಕೊಬ್ಬಿಗಾಗಿ ಮೂರು ಲೋಟ ಹಾಲಿನ ಪ್ರೋಟೀನನ್ನು ಬಿಟ್ಟಂತಾಯಿತು.

"ಹಂಗಾದ್ರೆ ಮೊಟ್ಟೆ ನಿಲ್ಲಿಸಬೇಡ ಬಿಡು" ಎಂದಳು ಅಜ್ಜಿ, ಮುದ್ದೆ ಮುರಿಯುತ್ತ. ತಟ್ಟೆಯಲ್ಲಿದ್ದ ಮುದ್ದೆಯೂ ಈ ಲೆಕ್ಕದಲ್ಲಿ ಸೇರಬೇಕಾದ್ದೇ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಒಂದು ಲೋಟ ಹಾಲಿಗಿಂತ ಹೆಚ್ಚು. ಬೆಂಗಳೂರಿಗೆ ಮರಳಿದ ಮೇಲೆ ಲೆಕ್ಕದ ಪುಸ್ತಕದಲ್ಲಿ ಮೊಟ್ಟೆಯ ಸಾಲು ಮತ್ತೆ ಬಂತು, ನೀಲಿ ಪ್ಯಾಕೆಟ್ಟು ಮುಂದುವರಿಯಿತು.

ಹಾಗೆಂದು ಜಿಡ್ಡನ್ನು ಶತ್ರುವೆಂದು ತಿಳಿಯಬೇಕಾಗಿಲ್ಲ. ತೂಕ ಬರದ, ಊಟ ಸೇರದ ಮಗುವಿಗೆ ಕೆನೆ ಹಾಲು ನಿಜವಾಗಿ ನೆರವಾಗುತ್ತದೆ. ಎರಡು ವರ್ಷದೊಳಗಿನ ಕೂಸಿಗೆ ಕೆನೆ ತೆಗೆದ ಹಾಲು ಸಲ್ಲದು. ಆರು ತಿಂಗಳವರೆಗಂತೂ ತಾಯಿಯ ಹಾಲೊಂದೇ. ಡಬಲ್ ಟೋನ್ಡ್, ಸ್ಕಿಮ್ಡ್ ಹಾಲುಗಳು ಕೊಬ್ಬು ಕಡಿಮೆ ಮಾಡಲು ವೈದ್ಯರು ಹೇಳಿದ ದೊಡ್ಡವರಿಗೆ ಹೊಂದುತ್ತವೆ. ಇನ್ನೊಂದು ಮಾತು. ಎ ಮತ್ತು ಡಿ ಜೀವಸತ್ವಗಳು ಜಿಡ್ಡಿನಲ್ಲಿ ಕರಗಿರುವಂಥವು. ಕೆನೆ ತೆಗೆದಾಗ ಅವೂ ಅದರ ಜೊತೆ ಹೋಗುತ್ತವೆ. ಇದನ್ನು ತುಂಬಲು ಡೇರಿಗಳು ಹಾಲಿಗೆ ಈ ಎರಡನ್ನೂ ಮತ್ತೆ ಸೇರಿಸುವುದುಂಟು. ಹಾಗೆ ಸೇರಿಸಿದ ಪ್ಯಾಕೆಟ್ಟಿನ ಮೇಲೆ ಪ್ಲಸ್ ಚಿಹ್ನೆಯೊಡನೆ 'ಎಫ್' ಅಕ್ಷರದ ಗುರುತು ಇರುತ್ತದೆ. ಟೋನ್ಡ್ ಹಾಲು ಕೊಳ್ಳುವವರು ಹುಡುಕಬೇಕಾದ ಗುರುತು ಅದು.

ಹಸಿರು ಪ್ಯಾಕೆಟ್ಟಿನ ವಿಷಯ ಬೇರೆ. ಅದರ ಮೇಲೆ 'ಹಸುವಿನ ಹಾಲು' ಎಂದೇ ಬರೆದಿರುತ್ತದೆ, ಹಾಗೆ ಬರೆದ ಮೇಲೆ ಎಮ್ಮೆ ಹಾಲು ಸೇರುವಂತಿಲ್ಲ. ಟೋನ್ಡ್, ಸ್ಟ್ಯಾಂಡರ್ಡೈಸ್ಡ್ ಎಂಬ ಹೆಸರುಗಳಿಗೆ ಈ ಕಟ್ಟಿಲ್ಲ. ಅವುಗಳಲ್ಲಿ ಎರಡೂ ಇರಬಹುದು. ಕರ್ನಾಟಕದ ಸಂಘಗಳಿಗೆ ಬರುವ ಹಾಲಿನಲ್ಲಿ ಸೀಮೆ ಹಸುಗಳದ್ದೇ ಬಹುಪಾಲು ಎಂಬುದೂ ನಿಜ. ಹಸುವಿನ ಹಾಲು ನಸು ಹಳದಿಯಾಗಿರುವುದು ಮೇವಿನ ಹಸಿರಿನಲ್ಲಿರುವ ಕ್ಯಾರೊಟಿನ್ನಿನಿಂದ. ಎಮ್ಮೆ ಅದನ್ನು ಮೈಯೊಳಗೇ ಎ ಜೀವಸತ್ವವಾಗಿ ಮಾರ್ಪಡಿಸಿಬಿಡುತ್ತದೆ, ಅದರ ಹಾಲು ಅಚ್ಚ ಬಿಳುಪು.

ಹಸಿರು ಪ್ಯಾಕೆಟ್ಟು ತಂದವರು ಸಾಮಾನ್ಯವಾಗಿ ಒಂದು ದೂರು ಹೇಳುತ್ತಾರೆ, ಕೆನೆಯೇ ಕಟ್ಟುವುದಿಲ್ಲ ಎಂದು. ಏನೋ ಬೆರೆಸಿದ್ದಾರೆ ಎಂಬ ಗುಮಾನಿ. ಬೆರೆಸಿದ್ದೇನೂ ಇಲ್ಲ, ಒಡೆದಿದ್ದಾರೆ ಅಷ್ಟೇ. ಹಾಲಿನಲ್ಲಿ ಜಿಡ್ಡು ಸಣ್ಣ ಸಣ್ಣ ಗೋಲಿಗಳಾಗಿ ತೇಲುತ್ತಿರುತ್ತದೆ. ಹೋಮೋಜಿನೈಸ್ ಮಾಡುವುದೆಂದರೆ ಭಾರೀ ಒತ್ತಡದಲ್ಲಿ ಹಾಲನ್ನು ಕಿರಿದಾದ ಸಂದಿನ ಮೂಲಕ ನೂಕಿ ಆ ಗೋಲಿಗಳನ್ನು ಇನ್ನೂ ಚೂರು ಮಾಡುವುದು. ಅಷ್ಟು ಸಣ್ಣದಾದ ಮೇಲೆ ಅವು ಮೇಲಕ್ಕೆ ತೇಲಿ ಒಂದಾಗುವುದಿಲ್ಲ, ಹಾಲಿನ ತುಂಬ ಸಮವಾಗಿ ಹರಡಿ ನಿಲ್ಲುತ್ತವೆ. ಹೀಗಾಗಿ ಹಾಲು ಹೆಚ್ಚು ಬೆಳ್ಳಗೆ, ದಪ್ಪವಾಗಿ ಕಾಣುತ್ತದೆ, ಕಾಫಿಗೆ ಒಗ್ಗುತ್ತದೆ. ಫ್ರಾನ್ಸಿನ ಆಗಸ್ಟ್ ಗೋಲಾಂ ಎಂಬಾತ ಈ ಯಂತ್ರಕ್ಕೆ 1899ರಲ್ಲಿ ಪೇಟೆಂಟ್ ಪಡೆದ. ಕೆನೆ ಕೂಡಿಟ್ಟು ಬೆಣ್ಣೆ ಕಡೆದು ತುಪ್ಪ ಕಾಯಿಸುವ ಅಭ್ಯಾಸವಿರುವ ಮನೆಗೆ ಈ ಹಾಲು ಹೇಳಿಸಿದ್ದಲ್ಲ. ಕೆನೆ ಕಂಡರೆ ಮುಖ ಸಿಂಡರಿಸುವ ಮಕ್ಕಳಿಗೆ ಇದೇ ಸರಿ.

ಇತ್ತೀಚೆಗೆ ಈ ಸಾಲಿಗೆ ಗಾಜಿನ ಬಾಟಲಿಯಲ್ಲಿ ಬರುವ ಎ2 ಹಾಲು ಸೇರಿದೆ. ಲೀಟರಿಗೆ ನೂರು ರೂಪಾಯಿ ದಾಟುವುದೂ ಉಂಟು. ಹಾಲಿನ ಬೀಟಾ ಕೇಸಿನ್ ಎಂಬ ಪ್ರೋಟೀನಿನ ಸರಪಳಿಯಲ್ಲಿ 209 ಅಮೈನೋ ಆಮ್ಲಗಳಿವೆ. 67ನೆಯ ಜಾಗದಲ್ಲಿ ಪ್ರೋಲೀನ್ ಇದ್ದರೆ ಎ2, ಹಿಸ್ಟಿಡಿನ್ ಇದ್ದರೆ ಎ1. ಇಡೀ ವ್ಯತ್ಯಾಸ ಈ ಒಂದು ಮಣಿಯದು. ನಾಟಿ ಹಸುಗಳಲ್ಲೂ ಎಮ್ಮೆಗಳಲ್ಲೂ ಎ2 ಹೆಚ್ಚು. ಎ1ರಿಂದ ಕಾಯಿಲೆ ಬರುತ್ತದೆ ಎಂಬ ವಾದವನ್ನು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2009ರಲ್ಲಿ ಪರಿಶೀಲಿಸಿ, ಕಾರಣ ಮತ್ತು ಪರಿಣಾಮದ ನಂಟು ಸಾಬೀತಾಗಿಲ್ಲ ಎಂದಿತು. ಭಾರತದ ಪ್ರಾಧಿಕಾರ 2024ರ ಆಗಸ್ಟಿನಲ್ಲಿ ಪೊಟ್ಟಣಗಳ ಮೇಲಿನ ಎ1, ಎ2 ಬರಹವನ್ನು ತೆಗೆಯಿರಿ ಎಂದು ಸೂಚನೆ ಹೊರಡಿಸಿ, ಕೆಲವೇ ದಿನಗಳಲ್ಲಿ ಅದನ್ನು ಹಿಂದಕ್ಕೆ ಪಡೆಯಿತು. ಮಲೆನಾಡು ಗಿಡ್ಡ, ಹಳ್ಳಿಕಾರ್ ಹಸುಗಳನ್ನು ಉಳಿಸಬೇಕೆಂಬ ಪ್ರೀತಿಯಿಂದ ಕೊಳ್ಳುವವರು ಕೊಳ್ಳಲಿ. ಮಗನ ಪರೀಕ್ಷೆಯ ಅಂಕ ಹೆಚ್ಚಲೆಂದು ಮನೆಯ ದಿನಸಿ ಕಡಿತಗೊಳಿಸಿ ಕೊಳ್ಳುವುದು ಬೇಡ.

ಕಲಬೆರಕೆಯ ಭಯವೂ ಜನರನ್ನು ದುಬಾರಿ ಹಾಲಿನ ಕಡೆಗೆ ತಳ್ಳುತ್ತದೆ. ಯೂರಿಯಾ ಹಾಲು, ಸೋಪಿನ ಪುಡಿಯ ಹಾಲು ಎಂಬ ಸುದ್ದಿಗಳಿಗೆ ಕೊರತೆಯಿಲ್ಲ. ದೇಶದಾದ್ಯಂತ 2018ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ನಡೆಸಿದ ಸಮೀಕ್ಷೆಯಲ್ಲಿ 6,432 ಮಾದರಿಗಳನ್ನು ಪರೀಕ್ಷಿಸಿದಾಗ ಇಂಥ ಅಪಾಯಕಾರಿ ಕಲಬೆರಕೆ ಕಂಡದ್ದು 12ರಲ್ಲಿ. ನಿಜವಾದ ಚಿಂತೆಗೆ ಕಾರಣವಾದದ್ದು ಬೂಷ್ಟು ಹಿಡಿದ ಮೇವಿನಿಂದ ಹಾಲಿಗೆ ಇಳಿಯುವ ಅಫ್ಲಾಟಾಕ್ಸಿನ್ ಎಂಬ ವಿಷ. ಅದು ನೀರು ಹಾಕುವವನ ಕಿಡಿಗೇಡಿತನವಲ್ಲ, ಮೇವು ಒಣಗಿಸಿಡಲು ಜಾಗವಿಲ್ಲದ ರೈತನ ಕಷ್ಟ. ಅಗ್ಗವೋ ದುಬಾರಿಯೋ, ಪ್ಯಾಕೆಟ್ಟಿನ ಬಣ್ಣ ನೋಡಿ ಅದು ಬರುವುದಿಲ್ಲ.

ಅಜ್ಜಿಯ ಊರಿನ ಸರ್ಕಾರಿ ಶಾಲೆಯಲ್ಲಿ ಮಕ್ಕಳಿಗೆ ಕೊಡುವ ಕ್ಷೀರಭಾಗ್ಯದ ಹಾಲು ಇನ್ನೊಂದು ಬಗೆಯದು. 2013ರ ಆಗಸ್ಟಿನಲ್ಲಿ ಶುರುವಾದ ಯೋಜನೆ, ಒಬ್ಬೊಬ್ಬರಿಗೆ 150 ಮಿಲಿಲೀಟರ್. ಕೆನೆಸಹಿತ ಹಾಲಿನ ಪುಡಿಯನ್ನು ಬಿಸಿನೀರಿನಲ್ಲಿ ಕದಡಿ, ಸಕ್ಕರೆ ಹಾಕಿ ಕೊಡುತ್ತಾರೆ. ಬೆಳಗ್ಗೆ ಊರಿನಿಂದ ಗೆಜ್ಜಲಗೆರೆಯ ಡೇರಿಗೆ ಲಾರಿಯಲ್ಲಿ ಹಾಲು ಹೋಗುತ್ತದೆ, ಮಧ್ಯಾಹ್ನದೊಳಗೆ ಅದೇ ಊರಿನ ಮಕ್ಕಳು ಪುಡಿಯ ಹಾಲು ಕುಡಿಯುತ್ತಾರೆ. ವಿಚಿತ್ರವೆನಿಸಿದರೂ ಪುಡಿಯಲ್ಲಿ ಕಡಿಮೆಯಾಗಿರುವುದು ಮುಖ್ಯವಾಗಿ ನೀರು. ಹಾಲು ಹೆಚ್ಚಾಗುವ ತಿಂಗಳುಗಳಲ್ಲಿ ರೈತರಿಂದ ಬಂದದ್ದನ್ನೆಲ್ಲ ಕೆಡದಂತೆ ಉಳಿಸಿಕೊಳ್ಳಲು ಡೇರಿಗಳಿಗೆ ಪುಡಿಯೇ ದಾರಿ.

ಉಳಿದದ್ದು ಬಿಸಿಯ ವಿಷಯ. ಪ್ಯಾಕೆಟ್ಟಿನ ಹಾಲನ್ನು ಡೇರಿಯಲ್ಲಿ 72 ಡಿಗ್ರಿ ಸೆಲ್ಸಿಯಸ್ಸಿನಲ್ಲಿ 15 ಸೆಕೆಂಡು ಕಾಯಿಸಿ ಕೂಡಲೇ ತಣ್ಣಗೆ ಮಾಡಿರುತ್ತಾರೆ. ಇದೇ ಪಾಶ್ಚರೀಕರಣ. ರೋಗಾಣುಗಳು ಸಾಯುತ್ತವೆ, ಹಾಲನ್ನು ಹುಳಿಯಾಗಿಸುವ ಕೆಲವು ಸೂಕ್ಷ್ಮಜೀವಿಗಳು ಉಳಿದಿರುತ್ತವೆ. ಡೇರಿಯಿಂದ ಮನೆಯವರೆಗೂ ತಂಪಿನಲ್ಲೇ ಬಂದಿದ್ದರೆ ಮತ್ತೆ ಕಾಯಿಸಬೇಕಾಗಿಲ್ಲ. ಆದರೆ ಬೂತಿನ ಹೊರಗೆ ಕ್ರೇಟುಗಳು ಬಿಸಿಲಿಗೆ ಕಾಯುತ್ತ ಕೂರುವ ಬೀದಿಗಳಲ್ಲಿ ಒಂದು ಉಕ್ಕು ಬರಿಸಿ ಇಳಿಸುವುದೇ ಜಾಣತನ. ಒಂದೇ ಉಕ್ಕು ಸಾಕು. ಬಡಾವಣೆಗೆ ಸೈಕಲ್ಲಿನಲ್ಲಿ ಬರುವ ಬಿಡಿ ಹಾಲನ್ನಂತೂ ಕಾಯಿಸದೆ ಬಾಯಿಗೆ ಇಡಬಾರದು, ಅದೆಷ್ಟು ತಾಜಾ ಎಂದು ಹೇಳಿದರೂ.

ಅಂಗಡಿಯ ಕಪಾಟಿನಲ್ಲಿ ತಂಪಿಲ್ಲದೆ ಕೂತಿರುವ ಕಾಗದದ ಡಬ್ಬಿಯ ಹಾಲು ಯುಎಚ್‌ಟಿ. 135 ಡಿಗ್ರಿಗೂ ಮೀರಿದ ಶಾಖದಲ್ಲಿ ಕೆಲವೇ ಸೆಕೆಂಡು ಕಾಯಿಸಿ, ಗಾಳಿ ಬೆಳಕು ತಾಗದ ಪದರಗಳ ಪೊಟ್ಟಣದಲ್ಲಿ ತುಂಬಿರುತ್ತಾರೆ. ತಿಂಗಳುಗಟ್ಟಲೆ ಕೆಡದೆ ಇರುವುದಕ್ಕೆ ಕಾರಣ ಇದು, ಔಷಧಿ ಹಾಕಿದ್ದಲ್ಲ. ಸತ್ವದಲ್ಲಿ ದೊಡ್ಡ ನಷ್ಟವಿಲ್ಲ, ರುಚಿಯಲ್ಲಿ ಸ್ವಲ್ಪ ಕಾದ ವಾಸನೆ ಇರುತ್ತದೆ. ಮುಂದಿನ ವರ್ಷ ಮಗಳು ಹಾಸ್ಟೆಲ್ಲಿಗೆ ಹೋದರೆ, ಫ್ರಿಜ್ಜಿಲ್ಲದ ಕೋಣೆಯಲ್ಲಿ ಅವಳಿಗೆ ಒದಗುವುದು ಇದೇ. ಸಣ್ಣ ಡಬ್ಬಿ ಕೊಂಡು ಒಂದೇ ಸಲಕ್ಕೆ ಮುಗಿಸಬೇಕು. ತೆರೆದ ಮೇಲೆ ಅದೂ ಎಲ್ಲ ಹಾಲಿನಂತೆಯೇ ಕೆಡುತ್ತದೆ. ಕಾಯಿಸುವ ಅಗತ್ಯವಿಲ್ಲ. ಮೊಸರು ಬೇಕಾದರೆ ಉಗುರು ಬೆಚ್ಚಗೆ ಮಾಡಿ ಹೆಪ್ಪು ಹಾಕಿದರೆ ರಾತ್ರಿ ಕಳೆಯುವುದರೊಳಗೆ ಹೆಪ್ಪುಗಟ್ಟಿರುತ್ತದೆ.